ರೈತರ ಆಪ್‌ನಲ್ಲಿ ಯಾವ ಫೀಚರ್ ಮೊದಲು ಮಾಡಬೇಕು?

ಗದಗ ಕಡೆಯ ರೈತರಿಗೆ ಆಪ್ ಮಾಡ್ತಿದ್ದೀರಿ, 40 ಫೀಚರ್ ಪಟ್ಟಿ ಮಾಡಿ ಮಾಸ್ಕೋ ಪದ್ಧತಿಯಲ್ಲಿ (MoSCoW: 'ಬೇಕೇ ಬೇಕು', 'ಇರಬೇಕು', 'ಇದ್ದರೆ ಚೆನ್ನ', 'ಈ ಸಲ ಬೇಡ' ಅಂತ ನಾಲ್ಕು ಗುಂಪು) ವಿಂಗಡಿಸಿದರೆ 30 'ಬೇಕೇ ಬೇಕು' ಗುಂಪಿಗೇ ಬಿದ್ದವು, ಈಗೇನು ಮಾಡಲಿ ಅಂತ ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ಕೂತು ನಾನೂ ಇದೇ ತಪ್ಪು ಮಾಡಿದ್ದೆ.

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಆಪ್ ಮಾಡಿದೆವು. ಏನೇನು ಬೇಕು ಅಂತ ಹೇಳಿದವರು ಮಾಲೀಕರ ಮಗ. ದುಡ್ಡು ಕೊಡೋರೂ ಅವರೇ ಅಲ್ವಾ, ಹಾಗಾಗಿ ದರದ ಗ್ರಾಫ್, ಹವಾಮಾನ, ನೋಟಿಫಿಕೇಶನ್ ಎಲ್ಲಾ ಮೇಲಕ್ಕೆ ಬಂದವು. ಮೆಣಸಿನಕಾಯಿ ಮಾರ್ಕೆಟ್ ಸೋಮವಾರ, ಗುರುವಾರ. ಒಂದು ಗುರುವಾರ ತೋರಿಸೋಕೆ ಹೋದೆವು. ಘಾಟಿಗೆ ನಮಗೆ ಸೀನು ನಿಲ್ಲಲಿಲ್ಲ. ಗುಮಾಸ್ತರ ಬೆರಳ ತುಂಬಾ ಕೆಂಪು ಪುಡಿ, ಫೋನು ಪ್ಲಾಸ್ಟಿಕ್ ಕವರ್ ಒಳಗೆ. ಐದು ಸಲ ಒತ್ತಿದರೆ ಒಂದು ಸಲ ಬಟನ್ ಓಗೊಡುತ್ತಿತ್ತು. ಒಬ್ಬ ರೈತರಿಗೆ ಲಾಗಿನ್ ಮಾಡಿಸೋಣ ಅಂದರೆ ಒಟಿಪಿ ಬರಲೇ ಇಲ್ಲ. ಆ ನಂಬರ್ ಬೆಂಗಳೂರಲ್ಲಿರೋ ಮಗನದು! ಕೊನೆಗೆ ನನ್ನ ಫೋನಿನಲ್ಲೇ ಗ್ರಾಫ್ ತೋರಿಸಿದೆ. ನೋಡಿದರು. "ಎಲ್ಲಾ ಚಲೋ ಐತ್ರಿ. ನನ್ನ ತೂಕ ಎಲ್ಲೈತಿ?"

ತೂಕದ ಚೀಟಿ ನಮ್ಮ ಪಟ್ಟಿಯ ತಳದಲ್ಲಿತ್ತು.

ರೈತರ ಆಪ್ ಕೈಬಿಟ್ಟು, ಗುಮಾಸ್ತರ ಕಂಪ್ಯೂಟರಿನಿಂದ ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ ಹೋಗುವ ಹಾಗೆ ಮಾಡಿದೆವು. ಯಾವುದು ಮುಖ್ಯ ಅಂತ ನನಗೆ ಕಲಿಸಿದ್ದು ಆ ಎಸ್ಸೆಮ್ಮೆಸ್ಸೇ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಸಿಗುತ್ತೆ, ಕನ್ನಡಕ್ಕೆ 70 ಮಾತ್ರ. ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಲೆಕ್ಕ. 'ಬ್ಯಾಡಗಿ' ಅಂತ ಬರೆದರೇ 7 ಹೋಯ್ತು. ಊರು ತೆಗೆದೆವು, ನಮಸ್ಕಾರ ತೆಗೆದೆವು, ಅಂಗಡಿ ಹೆಸರೂ ತೆಗೆದೆವು (ಮಾಲೀಕರ ಮಗ ಎರಡು ದಿನ ಮಾತಾಡಲಿಲ್ಲ). ಉಳಿದದ್ದು ಚೀಲ, ತೂಕ, ದರ, ಹಮಾಲಿ, ಕೈಗೆ ಬರೋ ಮೊತ್ತ.

ಮಾಸ್ಕೋ ಕೆಟ್ಟದ್ದಲ್ಲ. 1994ರಲ್ಲಿ ಡೈ ಕ್ಲೆಗ್ ಅನ್ನೋ ಸಾಫ್ಟ್‌ವೇರ್ ತಜ್ಞರು ರೂಪಿಸಿದ್ದು. ಅದನ್ನು ಬಳಸೋ ಡಿಎಸ್‌ಡಿಎಂ (ಸಾಫ್ಟ್‌ವೇರ್ ಕೆಲಸ ನಡೆಸೋ ಒಂದು ಪದ್ಧತಿ), 'ಬೇಕೇ ಬೇಕು' ಅನ್ನೋದು ಒಟ್ಟು ಶ್ರಮದ 60% ದಾಟಬಾರದು ಅನ್ನುತ್ತೆ. ಆದರೆ ಯಾರಿಗೆ ಬೇಕು ಅನ್ನೋದನ್ನು ನಾವೇ ಕೇಳಬೇಕು. ಕೀನ್ಯಾದಲ್ಲಿ ಫೋನಿನಿಂದಲೇ ದುಡ್ಡು ಕಳಿಸೋ ಎಂ-ಪೆಸಾ ಸೇವೆಯ ಕಥೆ ನೋಡಿ. ಮೊದಲು ಅದನ್ನು ಪ್ರಯೋಗಿಸಿದ್ದು ಸಣ್ಣ ಸಾಲದ ಕಂತು ಕಟ್ಟಿಸೋಕೆ. ಜನ ಒಬ್ಬರಿಗೊಬ್ಬರು ದುಡ್ಡು ಕಳಿಸೋಕೆ ಅದನ್ನೇ ಬಳಸಿದರು. ಕಂಪನಿಯವರು ಸಾಲದ ಭಾಗ ಪಕ್ಕಕ್ಕಿಟ್ಟು, 2007ರಲ್ಲಿ ಊರಿಗೆ ದುಡ್ಡು ಕಳಿಸೋ ಸೇವೆಯಾಗಿಯೇ ಶುರು ಮಾಡಿದರು.

ನೀವು ಪಟ್ಟಿ ಮುಚ್ಚಿಟ್ಟು, ಉಳ್ಳಾಗಡ್ಡಿ ಬರೋ ದಿನ ಗದಗ ಎಪಿಎಂಸಿಗೆ ಹೋಗಿ. ಸುಮ್ನೆ ಅರ್ಧ ದಿನ ನಿಂತು, ರೈತರು ಯಾವ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ, ಯಾವುದನ್ನು ಅಲ್ಲೇ ಬಿಸಾಕುತ್ತಾರೆ ನೋಡಿ. ಜೇಬಿಗೆ ಹೋದ ಚೀಟಿಯಿಂದ ಶುರು ಮಾಡಿ. ನಮ್ಮ ಗ್ರಾಫ್ ಏನಾಯ್ತು ಅಂದರೆ, ಅಂಗಡಿಯಲ್ಲಿ ಈವರೆಗೆ ಯಾರೂ ಕೇಳಿಲ್ಲ.