ದುರಂತದ ಪುಸ್ತಕ ಬಿಡಕ್ಕಾಗ್ತಿಲ್ಲ, ಮಗನ್ನ ಟ್ರೆಕ್ಕಿಗೆ ಕಳಿಸೋಕೆ ಧೈರ್ಯ ಇಲ್ಲ

ಪ್ರಶ್ನೆ: ನನಗೆ 46 ವರ್ಷ, ದಾವಣಗೆರೆ. 2021ರಲ್ಲಿ ಕೋವಿಡ್ ಎರಡನೇ ಅಲೇಲಿ ಅಪ್ಪ ಹೋದ್ರು, ಆಕ್ಸಿಜನ್ ಬೆಡ್ಡಿಗೆ ರಾತ್ರಿಯೆಲ್ಲಾ ಅಲೆದಿದ್ವಿ. ಆಮೇಲಿಂದ ನಾನು ಓದೋದೆಲ್ಲಾ ವಿಮಾನ ಬಿದ್ದಿದ್ದು, ಹಡಗು ಮುಳುಗಿದ್ದು, ಹಿಮದಲ್ಲಿ ಸಿಕ್ಕಾಕ್ಕೊಂಡೋರ ನಿಜ ಕಥೆಗಳೇ. ಅತ್ತೆ ಅಪಶಕುನ ಅಂತಾರೆ, ಯಜಮಾನ್ರು ಡಾಕ್ಟರಿಗೆ ತೋರಿಸೋಣ ಅಂತಾರೆ. ಈಗ ಇಂಜಿನಿಯರಿಂಗ್ ಓದೋ ಮಗ ಡಿಸೆಂಬರಲ್ಲಿ ಉತ್ತರಾಖಂಡದ ಕೇದಾರಕಂಠ ಟ್ರೆಕ್ಕಿಗೆ ಹೋಗ್ತೀನಿ ಅಂದ, ಆಗಲ್ಲ ಅಂದೆ, ಅವತ್ತಿಂದ ಸರಿಯಾಗಿ ಮಾತಾಡ್ತಿಲ್ಲ. ನನ್ನ ಓದೇ ತಪ್ಪಾ?

ಉತ್ತರ: ಅಕ್ಕಾ, ಓದು ತಪ್ಪಲ್ಲ. ಅಪಶಕುನದ ಮಾತಂತೂ ಮನಸ್ಸಿಗೆ ಹಚ್ಕೋಬೇಡಿ, ಅರಗಿನ ಮನೆ ಪ್ರಸಂಗಾನ ನಿಮ್ಮತ್ತೆ ಎಷ್ಟು ಸಲ ಕೈಮುಗಿದು ಕೂತು ಕೇಳಿರ್ತಾರೋ, ಅದೂ ಬೆಂಕಿಯಿಂದ ತಪ್ಪಿಸ್ಕೊಂಡು ಬಂದೋರ ಕಥೇನೇ ಅಲ್ವಾ.

ನಿಮ್ಮ ಕಾಗದ ಓದ್ತಾ ನನಗನ್ಸಿದ್ದು ಬೇರೆ. ನೀವು ಪ್ರತಿ ಪುಸ್ತಕದಲ್ಲೂ ಒಂದೇ ಜಾಗ ಹುಡುಕ್ತಿದ್ದೀರಿ, ಎಲ್ಲಿ ಇನ್ನೊಂದು ಥರ ಮಾಡಿದ್ರೆ ಈ ಜೀವ ಉಳೀತಿತ್ತು ಅಂತ. ಅದು ಅಪ್ಪನ ಆ ರಾತ್ರಿಯ ಪ್ರಶ್ನೆ. ಇನ್ನೊಂದು ಆಸ್ಪತ್ರೆಗೆ ಮೊದಲೇ ಹೋಗಿದ್ರೆ, ಇನ್ನೊಬ್ರಿಗೆ ಫೋನ್ ಮಾಡಿದ್ರೆ ಅಂತ. ಆ ತಿಂಗಳು ದೇಶದ ತುಂಬಾ ಜನ ಹಾಗೇ ಅಲೆದ್ರು, ಬೆಡ್ ಇರಲಿಲ್ಲ, ಆಕ್ಸಿಜನ್ ಇರಲಿಲ್ಲ, ಅದು ಮಗಳೊಬ್ಬಳ ಕೈಲಿದ್ದ ವಿಷಯ ಅಲ್ಲವೇ ಅಲ್ಲ. ಆ ಉತ್ತರ ಯಾವ ಪುಸ್ತಕದಲ್ಲೂ ಸಿಗಲ್ಲ, ಯಾಕಂದ್ರೆ ನೀವು ಮಾಡದೇ ಬಿಟ್ಟಿದ್ದು ಅಂತ ಅಲ್ಲಿ ಏನೂ ಇಲ್ಲ.

ಮಗನ ವಿಷಯ ಹಾಗಲ್ಲ, ಇಲ್ಲಿ ನಿಮ್ಮ ಓದು ಕೆಲಸಕ್ಕೆ ಬರತ್ತೆ. 1996ರ ಎವರೆಸ್ಟ್ ದುರಂತ ಓದೇ ಇರ್ತೀರಿ, ಮೇ 10ರ ಬಿರುಗಾಳಿಗೆ ಸಿಕ್ಕಿ ಎಂಟು ಜನ ಹೋದ್ರು, ಅದರಲ್ಲಿ ಮೂವರು ಟಿಬೆಟ್ ಕಡೆಯಿಂದ ಹತ್ತಿದ ನಮ್ಮ ಐಟಿಬಿಪಿಯವರು, ಅಂದ್ರೆ ಇಂಡೋ-ಟಿಬೆಟನ್ ಗಡಿ ಪೊಲೀಸರು. ನ್ಯೂಜಿಲೆಂಡಿನ ಗೈಡ್ ರಾಬ್ ಹಾಲ್ ತಂಡದಲ್ಲಿ ಮಧ್ಯಾಹ್ನ ಒಂದೋ ಎರಡೋ ಗಂಟೆ ಆದ್ಮೇಲೆ ತುದಿ ಎಷ್ಟೇ ಹತ್ರ ಇದ್ರೂ ತಿರುಗಬೇಕು ಅಂತ ಮೊದಲೇ ಮಾತಾಗಿತ್ತು, ಆದ್ರೂ ಒಬ್ರು ನಾಲ್ಕು ಗಂಟೆ ದಾಟಿದ್ಮೇಲೆ ತುದಿ ಮುಟ್ಟಿದ್ರು, ಅವ್ರಿಗೋಸ್ಕರ ಕಾದ ಹಾಲ್ ಕೂಡ ಕೆಳಗೆ ಬರಲಿಲ್ಲ. ಅದೇ ತಂಡದ ಇನ್ನು ಮೂವರು ಬೆಳಗ್ಗೆ ಹನ್ನೊಂದೂವರೆ ಹೊತ್ತಿಗೇ ಮುಂದೆ ಹಗ್ಗದ ಹತ್ರ ಕ್ಯೂ ನೋಡಿ, ಲೆಕ್ಕ ಹಾಕಿ, ಇವತ್ತು ಆಗಲ್ಲ ಅಂತ ವಾಪಸ್ ತಿರುಗಿದ್ರು. ಅಷ್ಟೊಂದು ದುಡ್ಡು ಸುರಿದು, ವರ್ಷಗಟ್ಟಲೆ ಕನಸು ಕಂಡು, ತುದಿ ಕಾಣ್ತಿರೋವಾಗ! ಬಿರುಗಾಳಿಗೆ ಮುಂಚೆ ಟೆಂಟು ಸೇರ್ಕೊಂಡ್ರು, ಬದುಕಿದ್ರು. ಇವರ ಬಗ್ಗೆ ಇರೋದು ಸ್ವಲ್ಪವೇ, ನಾವು ಬೇಗ ಬೇಗ ಪುಟ ತಿರುಗಿಸ್ತೀವಿ. ನನಗೆ ಆ ಪುಸ್ತಕಗಳಲ್ಲಿ ಅತಿ ಮುಖ್ಯ ಅನ್ಸೋದು ಇವರೇ.

2024ರ ಜೂನಲ್ಲಿ ಉತ್ತರಾಖಂಡದ್ದೇ ಸಹಸ್ರತಾಲ್ ಟ್ರೆಕ್ಕಿಗೆ ಕರ್ನಾಟಕದಿಂದ ಹೋದ ತಂಡದಲ್ಲಿ 9 ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡಿದ್ದು ನಿಮ್ಮ ತಲೇಲಿ ಇದ್ದೇ ಇರತ್ತೆ, ನಿಮ್ಮ ಭಯ ಹುಚ್ಚಲ್ಲ. ಆದ್ರೆ ಮಗನಿಗೆ ಬರೀ ಆಗಲ್ಲ ಅಂದ್ರೆ ಅವನು ಇವತ್ತಲ್ಲ ನಾಳೆ ಹೇಳದೇ ಹೋಗ್ತಾನೆ, ಅದು ಇನ್ನೂ ಅಪಾಯ. ಎವರೆಸ್ಟಿಂದ ವಾಪಸ್ ತಿರುಗಿದ ಆ ಮೂವರ ಭಾಗ ಅವನ ಕೈಗೆ ಕೊಡಿ, ಓದ್ಲಿ. ಆಮೇಲೆ ಕೂರಿಸ್ಕೊಂಡು ಕೇಳಿ: ಕೇದಾರಕಂಠ ಸುಮಾರು 12,500 ಅಡಿ, ತುದಿ ಹತ್ತೋ ದಿನ ಎಷ್ಟು ಗಂಟೆಗೆ ತಿರುಗ್ತೀರಿ, ಅದನ್ನ ಯಾರು ಹೇಳ್ತಾರೆ? ತಲೆನೋವು, ವಾಂತಿ ಶುರುವಾದ್ರೆ ಫ್ರೆಂಡ್ಸ್ ಮುಂದೆ ನಾಚ್ಕೊಳ್ದೆ ಬಾಯ್ಬಿಟ್ಟು ಹೇಳ್ತೀಯಾ? ಆ ಎತ್ತರದಲ್ಲಿ ಹಾಗಾದ್ರೆ ಮೇಲೆ ಹತ್ತಬಾರದು, ಕಮ್ಮಿ ಆಗದಿದ್ರೆ ಕೆಳಗಿಳೀಬೇಕು, ಇದು ಅವನಿಗೆ ಗೊತ್ತಾ? ಗೈಡ್ ಯಾರು, ಹವಾಮಾನ ಕೆಟ್ರೆ ದುಡ್ಡು ಹೋದ್ರೂ ಪರವಾಗಿಲ್ಲ ಅಂತ ನಿಲ್ಲಿಸ್ತಾರಾ? ಅವನು ತಡವರಿಸಿದ್ರೆ ತಿಳ್ಕೊಂಡು ಬಾ ಅನ್ನಿ, ರೇಗಬೇಡಿ. ಮತ್ತೆ "ವಾಪಸ್ ಬಂದ್ರೆ ನಿನ್ನನ್ನ ಯಾರೂ ಹೇಡಿ ಅನ್ನಲ್ಲ, ಅಮ್ಮ ಅಂತೂ ಅನ್ನಲ್ಲ" ಅಂತ ನಿಮ್ಮ ಬಾಯಲ್ಲೇ ಹೇಳಿ.

ನಿಮ್ಮ ಯಜಮಾನ್ರ ಮಾತನ್ನ ಪೂರ್ತಿ ತಳ್ಳಿಹಾಕ್ಬೇಡಿ. ಪುಸ್ತಕ ಮುಚ್ಚಿದ್ಮೇಲೂ ಎದೆ ಹೊಡ್ಕೊಳ್ತಿದ್ರೆ, ನಿದ್ದೆ ಬರದಿದ್ರೆ, ಆ ರಾತ್ರಿ ಮತ್ತೆ ಮತ್ತೆ ಕಣ್ಮುಂದೆ ಬರ್ತಿದ್ರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಸರ್ಕಾರದ್ದು, ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಪುಸ್ತಕದ ಬಗ್ಗೆ ಅಲ್ಲ, ಅಪ್ಪನ ಬಗ್ಗೆ ಮಾತಾಡಿ.

ಮಗ ಸರಿಯಾಗಿ ಉತ್ತರ ಕೊಟ್ರೆ ಕಳಿಸಿಕೊಡಿ ಅಕ್ಕಾ. ಶೂ ಮಾತ್ರ ಹೊರಡೋ ಹಿಂದಿನ ದಿನ ಕೊಡಿಸ್ಬೇಡಿ, ಈಗ್ಲೇ ಕೊಡಿಸಿ, ದಿನಾ ಹಾಕ್ಕೊಂಡು ನಡೆದು ಕಾಲಿಗೆ ಹೊಂದಿಸ್ಕೊಳ್ಲಿ.