ಪೌಡರ್ ಹಿಮಕ್ಕೆ ಇಳಿಯುವ ಮುನ್ನ

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇನೆ, ಸ್ಕೀಯಿಂಗ್ ಚೆನ್ನಾಗಿ ಬರುತ್ತದೆ. ಆಸ್ಟ್ರಿಯಾದ ಸೇಂಟ್ ಆಂಟನ್‌ನಲ್ಲಿ ಪಿಸ್ಟ್ (ಸ್ಕೀಗೆಂದೇ ಸಿದ್ಧಪಡಿಸಿದ ದಾರಿ) ಬಿಟ್ಟು ಹೊಸ ಹಿಮದಲ್ಲಿ ಇಳಿಯಬಹುದಾ?

ಉತ್ತರ: ಖಂಡಿತ ಇಳಿಯಿರಿ, ಆದರೆ ಒಬ್ಬರೇ ಬೇಡ, ಗೈಡ್ ಜೊತೆಗಿರಲಿ. ಜೋರಾಗಿ ಹಿಮ ಬಿದ್ದು ಬಿಸಿಲು ಬಂದ ಮೊದಲ ದಿನ ಎಲ್ಲರಿಗೂ ಆಸೆ, ಆದರೆ ಹೊಸ ಪದರ ಹಳೆಯದಕ್ಕೆ ಇನ್ನೂ ಸರಿಯಾಗಿ ಕಚ್ಚಿಕೊಂಡಿರುವುದಿಲ್ಲ, ಹಾಗಾಗಿ ಹಿಮಕುಸಿತದ ಭಯವೂ ಆಗಲೇ ಜಾಸ್ತಿ. ಸೇಂಟ್ ಆಂಟನ್ ಇರುವ ಟಿರೋಲ್ ರಾಜ್ಯದ ಹಿಮಕುಸಿತ ವರದಿ ಹಿಂದಿನ ಸಂಜೆ 5ಕ್ಕೇ ಬರುತ್ತದೆ, ಓದಿ. ಅದರಲ್ಲಿ ಅಪಾಯದ 5 ಹಂತಗಳಲ್ಲಿ 3 ಅಂದರೆ ಮಧ್ಯಮ ಅಂದುಕೊಳ್ಳಬೇಡಿ, ಅದು ಗಂಭೀರವೇ. ಅವತ್ತು 30 ಡಿಗ್ರಿಗಿಂತ ಕಡಿದಾದ ಇಳಿಜಾರು ಬಿಟ್ಟುಬಿಡಿ. ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚುವ ರೇಡಿಯೋ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಪ್ರತಿಯೊಬ್ಬರ ಹತ್ತಿರ ಇರಲೇಬೇಕು. ಹೂತುಹೋದವರನ್ನು 10–15 ನಿಮಿಷದೊಳಗೆ ತೆಗೆಯಬೇಕು, ಅಷ್ಟರಲ್ಲಿ ಹೊರಗಿನ ರಕ್ಷಣಾ ತಂಡ ಬರುವುದು ಕಷ್ಟ ಅಲ್ವಾ? ಅಗಲವಾದ ಸ್ಕೀ ಬಾಡಿಗೆಗೆ ಪಡೆಯಿರಿ, ಹಿಂದಕ್ಕೆ ವಾಲದೆ ಎರಡೂ ಕಾಲಿಗೆ ಸಮ ಭಾರ ಕೊಡಿ.