ಎರಡು ಅಂಗನವಾಡಿ, ಒಂದು ಸರ್ಕಾರಿ ಎಲ್‌ಕೆಜಿ: ಮಗನನ್ನು ಎಲ್ಲಿಗೆ ಸೇರಿಸಲಿ?

ಬರುವ ಜೂನ್‌ಗೆ ಮಗನಿಗೆ ಮೂರೂವರೆ ವರ್ಷ, ಹತ್ತಿರದಲ್ಲೇ ಎರಡು ಅಂಗನವಾಡಿ ಇವೆ, ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ ಎಲ್‌ಕೆಜಿಯೂ ಇದೆ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ನನಗೆ ತಿಳಿದದ್ದನ್ನು ಹೇಳುತ್ತೇನೆ.

ಈ ವರ್ಷಕ್ಕೆ ಎಲ್‌ಕೆಜಿ ಮಾತು ಬಿಡಿ. ಅದಕ್ಕೆ ಜೂನ್ 1ಕ್ಕೆ 4 ವರ್ಷ ತುಂಬಿರಬೇಕು. ಅಂಗನವಾಡಿಗೆ 3 ತುಂಬಿದರೆ ಸಾಕು. ಹಾಗಾಗಿ ಈಗ ನೀವು ಹೋಲಿಸಬೇಕಾದದ್ದು ಆ ಎರಡು ಅಂಗನವಾಡಿಗಳನ್ನು ಮಾತ್ರ.

ಊಟ, ಮೊಟ್ಟೆ, ಕ್ಷೀರಭಾಗ್ಯದ ಹಾಲು, ಚಿಲಿಪಿಲಿ ಅನ್ನುವ ಅಂಗನವಾಡಿ ಪಠ್ಯ ಎಲ್ಲಾ ಕಡೆ ಇಲಾಖೆಯಿಂದಲೇ ಬರುತ್ತದೆ. ವ್ಯತ್ಯಾಸ ಇರುವುದು ಟೀಚರ್ ಹತ್ತಿರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ಸುಮ್ನೆ ಅರ್ಧ ಗಂಟೆ ಕೂತು ನೋಡಿ. ಟೀಚರ್ ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಾರಾ? ಕಥೆ ಹೇಳಿ "ಆಮೇಲೇನಾಯ್ತು?" ಅಂತ ಕೇಳಿದ ಮೇಲೆ, ಮಗು ತಡವರಿಸಿ ಉತ್ತರ ಹೇಳುವವರೆಗೂ ಕಾಯುತ್ತಾರಾ? ಅಳುವ ಮಗುವಿನ ಹತ್ತಿರ ಯಾರು ಹೋಗುತ್ತಾರೆ? ಆಟಿಕೆಗಳು ಎಲ್ಲಿವೆ ಅಂತಲೂ ಗಮನಿಸಿ. ಮುರಿದರೆ ಲೆಕ್ಕ ಕೊಡಬೇಕು ಅಂತ ಬೀರುವಿನಲ್ಲಿ ಬೀಗ ಹಾಕಿಟ್ಟ ಕೇಂದ್ರಗಳನ್ನು ನೋಡಿ ನಾನು ತುಂಬಾ ಬೇಜಾರು ಮಾಡಿಕೊಂಡಿದ್ದೇನೆ.

ಮಕ್ಕಳೆಲ್ಲ ಸದ್ದಿಲ್ಲದೆ ಸ್ಲೇಟಿನಲ್ಲಿ ಅ ಆ ತಿದ್ದುತ್ತಿದ್ದರೆ ತುಂಬಾ ಪೋಷಕರಿಗೆ ಖುಷಿ. ನನಗಿಲ್ಲ. ಮೂರು ವರ್ಷದ ಬೆರಳಿಗೆ ಮಣಿ ಪೋಣಿಸುವುದು, ಮಣ್ಣು ಕಲಸುವುದು, ಕಾಗದ ಹರಿಯುವುದು ಬೇಕು. ಮಾತು, ಹಾಡು, ಓಡಾಟ ಬೇಕು. ಗಲಾಟೆ ಇರುವ ಕೇಂದ್ರವನ್ನು ನಾನಾದರೆ ಆರಿಸುತ್ತೇನೆ.

ಇನ್ನೊಂದು ಮಾತು. ಟೀಚರ್, ಅಂದರೆ ಅಂಗನವಾಡಿ ಕಾರ್ಯಕರ್ತೆಯ ತಲೆ ಮೇಲೆ ಪಾಠದ ಜೊತೆಗೆ ಗರ್ಭಿಣಿ ಬಾಣಂತಿಯರ ದಾಖಲೆ, ಸರ್ವೆ, ಪೋಷಣ್ ಟ್ರ್ಯಾಕರ್ ಅನ್ನುವ ಮೊಬೈಲ್ ಆ್ಯಪ್‌ನಲ್ಲಿ ಮಾಹಿತಿ ತುಂಬುವುದು ಎಲ್ಲಾ ಇರುತ್ತದೆ. ಆಕೆ ಮೀಟಿಂಗ್‌ಗೆ ಹೋದ ದಿನ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ. ಸಹಾಯಕಿ ಹುದ್ದೆ ಖಾಲಿ ಇದ್ದರೆ ಅಲ್ಲಿ ಸೇರಿಸಬೇಡಿ ಅನ್ನುತ್ತೇನೆ. ಶೌಚಾಲಯ, ಕುಡಿಯುವ ನೀರು, ಗೇಟು ನೋಡುವುದು ನಿಮಗೇ ಗೊತ್ತಿರುತ್ತದೆ. ಎರಡೂ ಸಮ ಅನ್ನಿಸಿದರೆ ಮನೆಗೆ ಹತ್ತಿರದ್ದೇ ಇರಲಿ. ಮಳೆಗಾಲದಲ್ಲೂ ತಪ್ಪದೆ ಹೋಗಬಹುದು, ಅಲ್ವಾ?

ಮುಂದಿನ ವರ್ಷ ಎಲ್‌ಕೆಜಿ ಬೇಕೇ ಅನ್ನುವುದನ್ನು ಆಗ ಯೋಚಿಸಿ. 6 ವರ್ಷದವರೆಗೂ ಅಂಗನವಾಡಿಯಲ್ಲೇ ಇರಬಹುದು, ಅಲ್ಲಿಂದ ನೇರವಾಗಿ ಒಂದನೇ ತರಗತಿಗೆ ಸೇರಿಸಬಹುದು. ಇಂಗ್ಲಿಷ್ ಇದೆ ಅನ್ನುವ ಒಂದೇ ಕಾರಣಕ್ಕೆ, ಹೊಂದಿಕೊಂಡ ಮಗುವನ್ನು ಎಬ್ಬಿಸಬೇಡಿ. ಪಬ್ಲಿಕ್ ಶಾಲೆಯ ಎಲ್‌ಕೆಜಿಯಲ್ಲಿ ಪಾಠ ಮಾಡುವವರು ಹೆಚ್ಚಾಗಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ ಬಂದ ಅತಿಥಿ ಶಿಕ್ಷಕಿಯರು. ಹೋದ ವರ್ಷ ಇದ್ದ ಮಿಸ್ಸೇ ಈ ವರ್ಷವೂ ಇದ್ದಾರಾ ಅಂತ ಅಲ್ಲಿನ ಮಕ್ಕಳ ಅಮ್ಮಂದಿರನ್ನು ವಿಚಾರಿಸಿ. ಸೀಟು ಕಡಿಮೆ ಇರುವುದರಿಂದ ಅರ್ಜಿ ಯಾವಾಗ ಕೊಡುತ್ತಾರೆ ಅಂತಲೂ ಮುಂಚೆಯೇ ಕೇಳಿಟ್ಟುಕೊಳ್ಳಿ.